ಪುಟ ಸಿಗುತ್ತಿಲ್ಲ

ಮಧುಗಿರಿಯಲ್ಲಿ ಕಮಲಾಕ್ಷಮ್ಮನವರು ತಮ್ಮ ಮನೆಯ ಮಹಡಿಯ ಮೇಲೆ ನಡೆಸುವ ಚಿಕ್ಕ ಕಚೇರಿಯಲ್ಲಿ ಮಲ್ಲೇಶನೇ ಹಿರಿಯ. ವಯಸ್ಸಿನಲ್ಲಿ ಅಷ್ಟೇನೂ ಅಲ್ಲ, ಗತ್ತಿನಲ್ಲಿ. ಯಂತ್ರ ತಯಾರಿಸುವ ಕಂಪನಿಗಳಿಗೆ ಕನ್ನಡದಲ್ಲಿ ಸಹಾಯ ಕೈಪಿಡಿ ಮಾಡಿಕೊಡುವುದು ಅಲ್ಲಿನ ಕೆಲಸ. ಕಾಗದದ ಪುಸ್ತಕವಲ್ಲ. ಕಂಪ್ಯೂಟರಿನಲ್ಲಿ ‘ಸಹಾಯ’ ಎಂಬ ಗುಂಡಿ ಒತ್ತಿದರೆ ಮುಖಪುಟ ತೆರೆದುಕೊಳ್ಳಬೇಕು, ಅಲ್ಲಿನ ನೀಲಿ ಅಕ್ಷರಗಳನ್ನು ಒತ್ತುತ್ತಾ ಹೋದರೆ ಬೇಕಾದ ಪುಟ ಸಿಗಬೇಕು. ಆ ನೀಲಿ ಅಕ್ಷರಗಳಿಗೆ ಲಿಂಕ್ ಅನ್ನುತ್ತಾರೆ. ಮಲ್ಲೇಶ ಮಾಡಿದ ಕೈಪಿಡಿಯಲ್ಲಿ ಒಂದೇ ಒಂದು ಲಿಂಕ್ ಕೂಡ ಮುರಿಯುವುದಿಲ್ಲ ಎಂಬ ಮಾತು ಊರೆಲ್ಲ ಹಬ್ಬಿತ್ತು. ಹಬ್ಬಿಸಿದವನು ಮಲ್ಲೇಶನೇ.

ದಸರಾ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ವೈ.ಎನ್.ಹೊಸಕೋಟೆಯಿಂದ ಫೋನ್ ಬಂತು. ಮಾಡಿದವನು ಅಲ್ಲಿನ ಹಾಲಿನ ಡೈರಿಯ ಸೆಕ್ರೆಟರಿ ಕದರಪ್ಪ. ಹಾಲಿನ ಫ್ಯಾಟ್ ಅಳೆಯುವ ಯಂತ್ರವೊಂದನ್ನು ಆ ಕಡೆಯ ಡೈರಿಗಳಿಗೆಲ್ಲ ಒಂದು ಕಂಪನಿ ಕೊಟ್ಟಿತ್ತು. ಅದರ ಕೈಪಿಡಿ ಮಲ್ಲೇಶನದು. ಬೆಳಗಿನ ಹಾಲು ಹಾಕುವ ಹೊತ್ತಿಗೆ ಯಂತ್ರದಲ್ಲಿ ಕೆಂಪು ದೀಪ ಹತ್ತಿಕೊಂಡಿದೆ. ಏನು ಮಾಡಬೇಕೆಂದು ನೋಡಲು ಕದರಪ್ಪ ಸಹಾಯ ಗುಂಡಿ ಒತ್ತಿದ್ದಾನೆ. ‘ಪುಟ ಸಿಗುತ್ತಿಲ್ಲ’ ಎಂದು ಬಂದಿದೆ. ಮತ್ತೆ ಒತ್ತಿದರೆ ಮತ್ತೆ ಅದೇ. ಹಿಂದೆ ಕ್ಯಾನು ಹಿಡಿದು ನಿಂತ ಸಾಲು ಬಾಗಿಲು ದಾಟಿ ಬೀದಿಗೆ ಬಂದಿದೆ. ಕೊನೆಗೆ ಅಳೆಯದೆಯೇ ಹಾಲು ತೆಗೆದುಕೊಂಡು, ಗಟ್ಟಿ ಹಾಲು ತಂದವರ ಬಾಯಲ್ಲೆಲ್ಲ ಬೈಸಿಕೊಂಡಿದ್ದಾನೆ.

“ಏಂ ಸಾರ್ ಇದಿ? ಸಹಾಯ ಅಂತ ಬರ್ದು ಒಳಗಡೆ ಏಮೀ ಇಲ್ಲ ಅಂಟೇ, ಯಾಕೆ ಬರೀಬೇಕು?” ಎಂದ ಕದರಪ್ಪ, ಆಂಧ್ರದ ಗಡಿಯವರ ತೆಲುಗು ಬೆರೆತ ಕನ್ನಡದಲ್ಲಿ.

ಫೋನಿನ ಸ್ಪೀಕರ್ ಹಾಕಿತ್ತು. ಆಚೆ ಮೇಜಿನಲ್ಲಿ ಕಮಲಾಕ್ಷಮ್ಮನವರು ಕನ್ನಡಕ ತೆಗೆದು ಇತ್ತ ನೋಡಿದರು. ಮಲ್ಲೇಶನಿಗೆ ಕಿವಿಯೆಲ್ಲ ಬಿಸಿಯಾಯಿತು. ಮರ್ಯಾದೆ ಹೋಗುತ್ತಿದೆ ಅನ್ನಿಸಿದಾಗ ಕೆಲವರು ತಲೆ ತಗ್ಗಿಸುತ್ತಾರೆ, ಕೆಲವರು ಅಕ್ಕಪಕ್ಕ ಯಾರಿದ್ದಾರೆ ಎಂದು ನೋಡುತ್ತಾರೆ. ಇವನು ನೋಡಿದ. ಪಕ್ಕದಲ್ಲಿ ರಕ್ಷಾ ಇದ್ದಳು.

ರಕ್ಷಾ ಹೊಸ ಹುಡುಗಿ. ಬರಗೂರಿನವಳು. ದಿನಾ ಶಿರಾದಲ್ಲಿ ಬಸ್ಸು ಬದಲಿಸಿಕೊಂಡು ಬರುತ್ತಾಳೆ. ಅವಳನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದೋ ಬೇಡವೋ ಎಂಬುದು ಈ ತಿಂಗಳೇ ತೀರ್ಮಾನವಾಗಬೇಕಿತ್ತು. ಮಲ್ಲೇಶ ಏನು ಹೇಳುತ್ತಾನೋ ಅದೇ ತೀರ್ಮಾನ ಎಂಬುದು ಅವಳಿಗೂ ಗೊತ್ತಿತ್ತು. ರಜೆಗೆ ಮುಂಚೆ ಯಂತ್ರ ತೊಳೆಯುವ ಪುಟಗಳನ್ನು ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಎತ್ತಿಟ್ಟಿದ್ದವಳು ಅವಳೇ. ಮಲ್ಲೇಶನಿಗೆ ಅಷ್ಟು ಸಾಕಾಯಿತು. ನಮ್ಮಲ್ಲಿ ಹೊಸಬಳೊಬ್ಬಳಿದ್ದಾಳೆ, ಅವಳು ಮಾಡಿದ ಅವಾಂತರ ಇದು, ಸರಿ ಮಾಡಿಸುತ್ತೇನೆ ಎಂದು ಅವಳೆದುರಿಗೇ ಕದರಪ್ಪನಿಗೆ ಹೇಳಿದ. ಫೋನ್ ಇಟ್ಟು ಅವಳ ಕಡೆ ತಿರುಗಿದ.

“ಪುಟ ಎತ್ತಿಡೋಕೆ ಬರ್ದಿದ್ರೆ ಮುಟ್ಟಬಾರ್ದು ಕಣಮ್ಮ. ನಿನ್ ದೆಸೆಯಿಂದ ಒಂದೂರಿನ ಜನ ಬೀದೀಲಿ ನಿಂತವ್ರೆ.”

ಅವಳು ಸಂಜೆಯವರೆಗೆ ತಾನು ಮುಟ್ಟಿದ ಪುಟಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದಳು. ಎಲ್ಲಿ ತಪ್ಪಾಗಿದೆಯೆಂದು ಗೊತ್ತಾಗುತ್ತಿಲ್ಲ ಎಂದು ಎರಡು ಸಲ ಬಂದು ಮೆಲ್ಲಗೆ ಕೇಳಿದಳು. ಹುಡುಕು, ಗೊತ್ತಾಗುತ್ತೆ ಎಂದು ಮಲ್ಲೇಶ ಮುಖ ಎತ್ತದೆ ಹೇಳಿ ಕಳಿಸಿದ. ಬಸ್ಸಿಗೆ ಹೊರಡುವಾಗ ಅವಳ ಕಣ್ಣು ಕೆಂಪಾಗಿತ್ತು. ಅದನ್ನು ನೋಡಿಯೂ ನೋಡದಂತೆ ಇವನು ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದ.

ಮಾರನೆಯ ದಿನ ಶನಿವಾರ, ಬೆಳಿಗ್ಗೆ ರಕ್ಷಾ ಬರಲಿಲ್ಲ. ಒಂದು ಮಾತು ಬೈದರೆ ಈಗಿನವರಿಗೆ ರಜೆ ಬೇಕು ಎಂದು ಗೊಣಗುತ್ತಾ ಮಲ್ಲೇಶ ತಾನೇ ಕೂತು ಮುರಿದ ಲಿಂಕುಗಳ ವರದಿ ತೆಗೆದ. ನಿನ್ನೆಯೇ ತೆಗೆಯಬೇಕಿತ್ತು. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಬರುವಂಥದ್ದು. ಕೈಪಿಡಿ ಕಳಿಸುವ ಮುಂಚೆ ಅದನ್ನು ತೆಗೆದು ನೋಡಲೇಬೇಕು ಎಂದು ಕಚೇರಿಗೆ ನಿಯಮ ಮಾಡಿದವನೂ ಅವನೇ. ಆದರೆ ತಾನು ಮಾಡಿದ ಕೈಪಿಡಿಗೆಂಥ ಪರೀಕ್ಷೆ, ಅದೆಲ್ಲ ಹೊಸಬರಿಗೆ ಎಂದು ಹಬ್ಬದ ಸಂಜೆ ಹಾಗೆಯೇ ಕಂಪನಿಗೆ ಕಳಿಸಿಬಿಟ್ಟಿದ್ದ.

ತೊಳೆಯುವ ಪುಟಗಳ ಲಿಂಕುಗಳೆಲ್ಲ ಸರಿಯಾಗಿದ್ದವು. ರಕ್ಷಾ ಅವನ್ನು ಸಾಫ್ಟ್‌ವೇರಿನ ಒಳಗಿನಿಂದಲೇ ಎತ್ತಿಟ್ಟಿದ್ದಳು. ಹಾಗೆ ಮಾಡಿದರೆ ಲಿಂಕುಗಳು ತಾವೇ ಪುಟದ ಹಿಂದೆ ಹೋಗುತ್ತವೆ. ಮುರಿದದ್ದು ಒಂದೇ ಪುಟಕ್ಕೆ ಹೋಗುವ ಲಿಂಕುಗಳು, ಮುಖಪುಟಕ್ಕೆ. ಆ ಹೆಸರಿನ ಫೈಲೇ ಇಲ್ಲ ಎನ್ನುತ್ತಿತ್ತು ವರದಿ. ಫೋಲ್ಡರ್ ತೆರೆದು ನೋಡಿದ. ಫೈಲ್ ಅಲ್ಲೇ ಇತ್ತು. ಅದರ ಹೆಸರಿನ ಮುಂದೆ ಒಂದು ‘ಶ್ರೀ’ ಕೂತಿತ್ತು.

ಮಲ್ಲೇಶ ಕುರ್ಚಿಗೆ ಒರಗಿದ. ಅವನದು ಚನ್ನರಾಯನದುರ್ಗದ ಪೂಜೆಯ ಮನೆತನ. ಅಪ್ಪ ಬಸವಲಿಂಗಯ್ಯನವರು ದಿನಸಿ ಚೀಟಿಯ ತಲೆಯ ಮೇಲೂ ಶ್ರೀ ಬರೆಯದೆ ಉಪ್ಪು ಎಂದು ಬರೆದವರಲ್ಲ. ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಮೆಟ್ಟಿಲ ಮುಂದೆ ಬೂದುಗುಂಬಳ ಒಡೆದು, ಮಂಗಳಾರತಿ ತೆಗೆದುಕೊಂಡ ಕೈಯಲ್ಲೇ ಮಲ್ಲೇಶ ಫೋಲ್ಡರ್ ತೆರೆದಿದ್ದ. ಹೊಸ ಕೈಪಿಡಿ ಹೊರಡುತ್ತಿದೆ, ಮೊದಲ ಪುಟ ಹಾಗೇ ಬೋಳಾಗಿ ಹೋಗಬಾರದು ಅನ್ನಿಸಿ ಹೆಸರಿನ ಮುಂದೆ ಶ್ರೀ ಸೇರಿಸಿ ಬೆರಳನ್ನು ಕಣ್ಣಿಗೊತ್ತಿಕೊಂಡಿದ್ದ. ಸಾಫ್ಟ್‌ವೇರಿನ ಹೊರಗೆ ಹೆಸರು ಬದಲಿಸಿದರೆ ಲಿಂಕುಗಳಿಗೆ ಸುದ್ದಿ ತಿಳಿಯುವುದಿಲ್ಲ ಎಂದು ರಕ್ಷಾಳಿಗೆ ಮೊದಲ ದಿನ ಪಾಠ ಹೇಳಿದವನೂ ಇವನೇ.

ಶ್ರೀ ಅಳಿಸಿದ. ಅಳಿಸುವಾಗ ದೇವರಲ್ಲಿ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡ. ರಕ್ಷಾಳಿಗೂ ಹೇಳಬೇಕು ಎಂದು ಹೊಳೆಯದೆ ಇರಲಿಲ್ಲ. ಹೊಳೆಯಿತು. ಫೋನನ್ನು ಕೈಗೆತ್ತಿಕೊಂಡು ಅವಳ ಹೆಸರಿನವರೆಗೂ ಹೋದ. ಏನೆಂದು ಶುರುಮಾಡುವುದು ಎಂದು ಯೋಚಿಸುತ್ತಾ ಕೂತ. ಸೋಮವಾರ ಬರುತ್ತಾಳಲ್ಲ, ಆಗ ಸಮಯ ನೋಡಿ ಹೇಳಿದರಾಯಿತು ಎಂದು ಫೋನನ್ನು ಮಗುಚಿಟ್ಟ. ಸರಿಯಾದ ಕೈಪಿಡಿಯನ್ನು ಕಂಪನಿಗೆ ಕಳಿಸಿದ.

ಊಟದ ಹೊತ್ತಿಗೆ ಕಮಲಾಕ್ಷಮ್ಮನವರು ಏನಾಯಿತೆಂದು ವಿಚಾರಿಸಿದರು. ಸರಿಹೋಯಿತು ಎಂದ. ಏನಾಗಿತ್ತು ಎಂದು ಅವರು ಬಿಡಿಸಿ ಕೇಳಲಿಲ್ಲ, ಇವನು ಬಿಡಿಸಿ ಹೇಳಲಿಲ್ಲ. ಹಾಗಾದರೆ ಆ ಹುಡುಗಿಯನ್ನು ಏನು ಮಾಡೋಣ, ಮುಂದಕ್ಕೆ ಬೇಡ ಅಂದುಬಿಡೋಣವೇ ಎಂದು ಅವರು ಕೇಳಿದಾಗ ಮಲ್ಲೇಶನ ಬಾಯಿಂದ ಬಂದ ಮಾತು ಇದು:

“ಹೋಗ್ಲಿ ಬುಡಿ ಮೇಡಂ. ಹೊಸಬಳು. ಇನ್ನೊಂದು ಅವಕಾಶ ಕೊಟ್ಟು ನೋಡೋಣ.”

ನಿಮ್ಮದು ದೊಡ್ಡ ಮನಸ್ಸು ಎಂದರು ಕಮಲಾಕ್ಷಮ್ಮ. ಮಲ್ಲೇಶ ಡಬ್ಬಿ ಮುಚ್ಚಿಟ್ಟ. ಮಾಡದ ತಪ್ಪಿಗೆ ಅವಳನ್ನು ಬೈದದ್ದೇ ಒಂದು ತೂಕವಾದರೆ, ಮಾಡದ ತಪ್ಪನ್ನು ಮನ್ನಿಸಿ ಹೊಗಳಿಸಿಕೊಂಡದ್ದು ಅದಕ್ಕಿಂತ ಭಾರವಾಗಿತ್ತು. ತನ್ನ ಮುಖ ತನಗೇ ಕಾಣದಿರುವುದು ಒಳ್ಳೆಯದಾಯಿತು ಅನ್ನಿಸಿತು ಅವನಿಗೆ. ಆದರೂ ಬಾಯಿ ಬಿಡಲಿಲ್ಲ.

ಸಂಜೆ ಮತ್ತೆ ಕದರಪ್ಪನ ಫೋನ್. ಪುಟ ಈಗ ಸಿಗುತ್ತಿದೆ ಎಂದು ಹೇಳಲು ಮಾಡಿರಬೇಕೆಂದುಕೊಂಡು ಮಲ್ಲೇಶ ಸ್ವಲ್ಪ ಗೆಲುವಾಗಿಯೇ ಸ್ಪೀಕರ್ ಹಾಕಿದ. ಕದರಪ್ಪನ ದನಿಯಲ್ಲಿ ನಿನ್ನೆಯ ಕಾವು ಇರಲಿಲ್ಲ.

ನಿಮ್ಮ ಅಮ್ಮಾಯಿ, ಆ ಹೊಸ ಹುಡುಗಿ, ಬಂದಿದ್ದಾಳೆ ಎಂದ. ಬರಗೂರಿನಿಂದ ಬಸ್ಸಿನ ಮೇಲೆ ಬಸ್ಸು ಹತ್ತಿ, ಪಾವಗಡದಲ್ಲಿ ಇನ್ನೊಂದು ಹಿಡಿದು, ಸಂಜೆಯ ಹಾಲಿನ ಹೊತ್ತಿಗೆ ಸರಿಯಾಗಿ ಡೈರಿಗೆ ಬಂದಳಂತೆ. ಕೆಂಪು ದೀಪ ಯಾಕೆ ಹತ್ತುತ್ತದೆ, ಕೊಳವೆ ಹೇಗೆ ತೊಳೆಯಬೇಕು ಎಂದು ತಾನೇ ಮಾಡಿ ತೋರಿಸಿದಳಂತೆ. ಆಮೇಲೆ ಹಾಲು ಹಾಕಲು ನಿಂತಿದ್ದವರ ಕಡೆ ತಿರುಗಿದಳಂತೆ.

“ಅಂದರಿಗೂ, ಅಲ್ಲಿದ್ದೋರಿಗೆಲ್ಲಾ ಕೈ ಮುಗಿದ್ಬುಟ್ಲು ಸಾರ್. ನನ್ನಿಂದ ತಪ್ಪಾಯ್ತು, ಮನ್ನಿಸ್ಬೇಕು ಅಂತ. ಫೋನಲ್ಲಿ ಹೇಳಿದ್ರೆ ಸಾಲ್ದಾ ತಾಯೀ ಅಂದೆ. ತಪ್ಪು ಮಾಡಿದೋರು ಎದುರಿಗೆ ನಿಂತೇ ಹೇಳ್ಬೇಕು, ನಮ್ಮನೇಲಿ ಅಂಗೇ ಕಲಿಸವ್ರೆ ಅಂತಾಳೆ. ನಮ್ಮ ಹೆಂಗಸರೆಲ್ಲಾ ಕಣ್ಣೀರು ಹಾಕ್ಕೊಂಡ್ರು. ಇನ್ಮೇಲೆ ಆ ಅಮ್ಮಾಯಿನ ಏಮೀ ಅನ್ಬೇಡಿ ಸಾರ್.”

ಕಮಲಾಕ್ಷಮ್ಮನವರು ಕೇಳಿಸಿಕೊಳ್ಳುತ್ತಿದ್ದರು. ಸ್ಪೀಕರ್ ಆರಿಸಬಹುದಿತ್ತು. ಮಲ್ಲೇಶನ ಬೆರಳು ಅಲ್ಲಿಯವರೆಗೆ ಹೋಗಿ ಹಿಂದಕ್ಕೆ ಬಂತು. ಅವಳಿಗೆ ಫೋನ್ ಕೊಡಿ ಎಂದ. ಮೂರು ಮಾತಿನಲ್ಲಿ ಮುಗಿಸಿಬಿಡಬೇಕೆಂದು ಉಸಿರು ಬಿಗಿಹಿಡಿದ.

“ತಪ್ಪು ನಂದು ಕಣಮ್ಮ. ಹಬ್ಬದ ದಿನ ಮುಖಪುಟದ ಹೆಸರು ಬದಲಾಯಿಸಿದೋನು ನಾನೇ. ನೀನು ಏನೂ ಮಾಡಿಲ್ಲ.”

ಕಮಲಾಕ್ಷಮ್ಮನವರ ಕುರ್ಚಿ ಕಿರುಗುಟ್ಟಿತು. ಇವನು ಆ ಕಡೆ ನೋಡಲಿಲ್ಲ. ಆ ಫೋನಿನ ಸ್ಪೀಕರ್ ಹಾಕಮ್ಮ, ನೀನು ಕೈ ಮುಗಿದವರಿಗೆಲ್ಲ ನಾನೇ ಹೇಳುತ್ತೇನೆ ಎಂದ.

“ಅವ್ರೆಲ್ಲಾ ಹಾಲು ಹಾಕಿ ಹೊಂಟೋದ್ರು ಸಾರ್,” ಎಂದಳು ರಕ್ಷಾ. ಆಮೇಲೆ ಕೇಳಿದಳು, “ನಿಮ್ಗೆ ಯಾವಾಗ ಗೊತ್ತಾಯ್ತು?”

ಈಗ ತಾನೇ ಎಂದುಬಿಟ್ಟರೆ ನಂಬುತ್ತಿದ್ದಳು. ಅದು ಮಲ್ಲೇಶನಿಗೂ ಗೊತ್ತಿತ್ತು.

“ಬೆಳಿಗ್ಗೆ,” ಎಂದ.

ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ.

“ಬೆಳಿಗ್ಗೆ ನಾನಿನ್ನೂ ಬಸ್ಸಲ್ಲಿದ್ದೆ ಸಾರ್. ಒಂದು ಫೋನ್ ಮಾಡಿದ್ರೆ ಅಲ್ಲೇ ಇಳ್ಕಂಬುಡ್ತಿದ್ದೆ.”