ಇಡ್ಲಿ ಪಾತ್ರೆಯ ಗುಂಡಿ

ಸಿಂಧನೂರಿನ ಭತ್ತದ ವ್ಯಾಪಾರಿ ಶಿವಶರಣಪ್ಪನವರು ಹೊಸ ಕಾರು ತಂದು ಹನ್ನೊಂದು ದಿನವಾಗಿತ್ತು. ಆ ಹನ್ನೊಂದು ದಿನವೂ ಓಣಿಯಲ್ಲಿ ಸಿಕ್ಕವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: "ಇದರಾಗ ಗುಂಡೀನ ಇಲ್ಲ ನೋಡ್ರಿ!" ಕಿಟಕಿ ಏರಿಸಿ ಇಳಿಸುವ ಗುಂಡಿಗಳನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಳಿದ ತಂಪು, ಬಿಸಿ, ಹಾಡು, ದಾರಿಯ ನಕ್ಷೆ ಎಲ್ಲವೂ ಸ್ಟೀರಿಂಗಿನ ಪಕ್ಕದ ಕರಿ ಗಾಜಿನೊಳಗೆ ಅಡಗಿ ಕೂತಿದ್ದವು. ಗಾಜು ರೊಟ್ಟಿ ಬಡಿಯುವ ಹಲಗೆಯಷ್ಟು ಅಗಲವಿತ್ತು. ಅದನ್ನು ಒರೆಸಲೆಂದೇ ಒಂದು ಮೆತ್ತನೆಯ ಹಳದಿ ಬಟ್ಟೆ ಬೇರೆ. ಆ ಬಟ್ಟೆಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಗುಂಡಿ ಇಲ್ಲದ್ದು ಹೆಮ್ಮೆಯ ಸಂಗತಿ ಯಾಕಾಗಬೇಕೋ ಅವರ ಹೆಂಡತಿ ಪಂಪಮ್ಮನಿಗೆ ತಿಳಿಯಲಿಲ್ಲ. ಗುಂಡಿ ಕಿತ್ತ ಅಂಗಿಯನ್ನು ಇವರು ಒಂದು ದಿನವಾದರೂ ಸುಮ್ಮನೆ ತೊಟ್ಟಿದ್ದುಂಟೇ? ಮನೆಯೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು.

ಹಳೆಯ ಕಾರಿನಲ್ಲಿ ಗುಂಡಿಗಳಿದ್ದವು. ಆರು ವರ್ಷದ ಹಿಂದೆ ಅದರ ಏಸಿ ತಿರುವುವ ಗುಂಡಿ ಒಡೆದಾಗ ಮಸ್ಕಿಯ ಮೆಕ್ಯಾನಿಕ್ ದಸ್ತಗೀರ್‌ಸಾಬ್ ಎಲ್ಲಿ ಹುಡುಕಿದರೂ ಹೊಸದು ಸಿಗಲಿಲ್ಲ. ಆಗ ಪಂಪಮ್ಮ ತನ್ನ ಇಡ್ಲಿ ಪಾತ್ರೆಯ ಮುಚ್ಚಳದ ಮೇಲಿದ್ದ ಕರಿ ಗುಂಡಿಯನ್ನು ಬಿಚ್ಚಿ, "ಇದು ಕೂಡತೈತೇನು ನೋಡ್ರಿ" ಎಂದು ಕಳಿಸಿದ್ದಳು. ಅದು ಕೂತಿತು, ಅಲ್ಲಿಗಾಗಿಯೇ ಹುಟ್ಟಿದ ಹಾಗೆ ಕೂತಿತು. ಅಲ್ಲಿಂದ ಮುಂದೆ ಕಣ್ಣು ಮುಚ್ಚಿ ಕೈ ಚಾಚಿದರೂ ಅದು ಬೆರಳಿಗೆ ಸಿಗುತ್ತಿತ್ತು. ಇತ್ತ ತಿರುವಿದರೆ ತಂಪು, ಅತ್ತ ತಿರುವಿದರೆ ಸುಮ್ಮನೆ ಗಾಳಿ. ಮನೆಯಲ್ಲಿ ಮಾತ್ರ ಆರು ವರ್ಷದಿಂದ ಇಡ್ಲಿ ಪಾತ್ರೆಯ ಮುಚ್ಚಳವನ್ನು ಇಕ್ಕಳದಿಂದ ಎತ್ತುವುದೇ ಆಯಿತು. ಹಳೆಯ ಕಾರನ್ನು ಶೋರೂಮಿನವರು ಒಯ್ದ ದಿನ ಪಂಪಮ್ಮನಿಗೆ ಕಾರಿಗಿಂತ ಆ ಗುಂಡಿಯದೇ ಹಳಹಳಿ.

ಇಂದು ಮಗಳು ಐಶ್ವರ್ಯಳ ಕುಬಸ. ಲಿಂಗಸುಗೂರಿನ ಗಂಡನ ಮನೆಯಲ್ಲಿ, ಬಸುರಿನ ಏಳನೆಯ ತಿಂಗಳಿಗೆ. ಹಸಿರು ಸೀರೆ, ಹಸಿರು ಬಳೆ, ಐದು ಬುಟ್ಟಿ ತಿನಿಸು ತೌರಿನಿಂದ ಹೋಗಬೇಕು. ಅವೆಲ್ಲ ಹಿಂದಿನ ಸೀಟು ತುಂಬಿ ಕೂತಿದ್ದವು. ಆದರೆ ಪಂಪಮ್ಮನ ಜೀವವೆಲ್ಲ ತೊಡೆಯ ಮೇಲಿನ ಬಿದಿರು ಬುಟ್ಟಿಯಲ್ಲಿತ್ತು. ಬೆಳಗಿನ ನಾಲ್ಕಕ್ಕೆ ಎದ್ದು ಬಾಳೆಯ ಪಟ್ಟೆಗೆ ಒಂದೊಂದೇ ಮಲ್ಲಿಗೆ ಮೊಗ್ಗು ಹೊಲಿದು ಕಟ್ಟಿದ ಜಡೆ ಅದರಲ್ಲಿತ್ತು.

ಹಿಂದಿನ ದಿನ ಫೋನಿನಲ್ಲಿ ಐಶ್ವರ್ಯ ಅಳುತ್ತ ಮೂಗೆಳೆಯುತ್ತ ಹೇಳಿದ್ದಳು: "ಯವ್ವಾ, ನಮ್ಮತ್ತಿ ಪಾರ್ಲರಿನಿಂದ ಪ್ಲಾಸ್ಟಿಕ್ ಜಡಿ ತರ್ಸ್ಯಾರ. ನಿನ್ನ ಹೂವು ಈ ಬಿಸಲಾಗ ಬಾಡಿ ಬರತಾವಂತ. ಬಾಡಿದ್ರ ಅದನ್ನ ಕಟ್ಟತಾರಂತ. ನನಗ ಬ್ಯಾಡವ್ವಾ ಅದು, ಸೊಳ್ಳಿಪರದಿ ವಾಸನಿ ಬರತೈತಿ."

"ಬಾಡಾಕ ಬಿಡಂಗಿಲ್ಲ ತಂಗಿ, ತಂಪು ಕಾರಿನಾಗ ತರತೀನಿ" ಎಂದು ಪಂಪಮ್ಮ ಮಾತು ಕೊಟ್ಟಿದ್ದಳು. ಹನ್ನೆರಡರೊಳಗೆ ಜಡೆ ಹಾಕಬೇಕಿತ್ತು.

ಹೊರಡುವಾಗ ಒಂಬತ್ತೂವರೆ. ಶಿವಶರಣಪ್ಪನವರು ಗೇಟಿಗೆ ಬೀಗ ಹಾಕಲು ಹೋದರು. ಆ ಮನೆಯಲ್ಲಿ ವಿಭೂತಿ ಹಚ್ಚದೆ ಯಾವ ಗಾಡಿಯೂ ಊರು ದಾಟಿದ್ದಿಲ್ಲ. ಹಳೆಯ ಕಾರಿನಲ್ಲಿ ಅದಕ್ಕೆ ಆ ಕರಿ ಗುಂಡಿಯ ಮೇಲೇ ಒಂದು ಜಾಗವಿತ್ತು. ಹೊಸದು ಊರು ದಾಟುವುದು ಇದೇ ಮೊದಲು, ಅದರಲ್ಲಿ ಎಲ್ಲಿ ಹಚ್ಚಬೇಕು? ಪಂಪಮ್ಮ ನೋಡಿದಳು. ಎದುರಿಗೇ ಕರ್ರಗೆ, ನುಣ್ಣಗೆ, ಖಾಲಿ ಹಣೆಯ ಹಾಗೆ ಗಾಜು ಕಾಯುತ್ತಿತ್ತು. ಅವಳು ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು ಮೂರು ಬೆರಳಿನಿಂದ ಈ ಕಡೆಯಿಂದ ಆ ಕಡೆಗೆ ದಪ್ಪಗೆ ಎಳೆದಳು. ನಡುವೆ ಒಂದು ಕುಂಕುಮದ ಬೊಟ್ಟು. ಕಾರು ಈಗ ಮನೆಯದಾಯಿತು ಅನ್ನಿಸಿತು.

ಶಿವಶರಣಪ್ಪನವರು ಒಳಗೆ ಕೂತು ಕಾರು ಚಾಲೂ ಮಾಡಿದರು. ವಿಭೂತಿಯ ಹಿಂದಿನಿಂದ ಗಾಜು ಬೆಳಗಿತು. ಅವರ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಲೇ ಪಂಪಾ! ಏನ್ ಮಾಡೀ ಇದಕ್ಕ?"

"ಈಬತ್ತಿ ಹಚ್ಚೀನ್ರಿ. ಹಚ್ಚದ ಹೋಗೂದನು?"

ಅವರ ಕೈ ಹಳದಿ ಬಟ್ಟೆಯತ್ತ ಹೋಯಿತು, ಅರ್ಧದಲ್ಲೇ ನಿಂತಿತು. ಅವರ ಹಣೆಯ ಮೇಲೂ ಅವೇ ಮೂರು ಪಟ್ಟೆಗಳಿದ್ದವು. ಮಗಳ ಕುಬಸಕ್ಕೆ ಹೊರಟು, ಬಾಗಿಲಲ್ಲೇ ವಿಭೂತಿ ಒರೆಸುವುದೆಂದರೆ? ಅಪ್ಪ ಮುತ್ತಜ್ಜ ಯಾರೂ ಮಾಡಿದ ಕೆಲಸವಲ್ಲ.

"ಇರ್ಲಿ ಬಿಡು. ನಡುವ ಸಂದ್ಯಾಗ ಒತ್ತತೀನಿ" ಎಂದರು.

ಗೊರೇಬಾಳ ದಾಟುವವರೆಗೆ ತಂಪು ಚೆನ್ನಾಗಿಯೇ ಬಂತು. ಆಮೇಲೆ ಸ್ವಲ್ಪ ಹೆಚ್ಚು ತಂಪು ಬೇಕೆನ್ನಿಸಿ ಅವರು ಬೆರಳು ಚಾಚಿದರು. ಭತ್ತ ತಿಕ್ಕಿ ತಿಕ್ಕಿ ನೋಡಿ ಸವೆದ ಬೆರಳು ಅದು. ಗಾಜು ಅದನ್ನು ಬೆರಳೆಂದು ಒಪ್ಪಿಕೊಳ್ಳಲಿಲ್ಲ. ಅವರು ಅಭ್ಯಾಸದಂತೆ ಬೆರಳನ್ನು ನಾಲಿಗೆಗೆ ಒತ್ತಿದರು.

"ಅಯ್ಯ ಶಿವನ! ಎಂಜಲ ಬಳ್ಳು ಈಬತ್ತಿಗೆ ಮುಟ್ಟಸಬ್ಯಾಡ್ರಿ!" ಎಂದು ಪಂಪಮ್ಮ ಅವರ ಕೈ ಹಿಡಿದು ಎಳೆದಳು. ಬೆರಳು ಜಾರಿ ಹಸಿ ವಿಭೂತಿಯನ್ನು ಗಾಜಿನ ಆ ತುದಿಯವರೆಗೆ ಸವರಿಕೊಂಡು ಹೋಯಿತು. ಇಪ್ಪತ್ತೆರಡು ಎಂದಿದ್ದ ಅಂಕಿ ನೋಡನೋಡುತ್ತ ಇಪ್ಪತ್ತೈದು, ಇಪ್ಪತ್ತೊಂಬತ್ತು, ಮೂವತ್ತೆರಡಾಗಿ ಅಲ್ಲೇ ಕೂತುಬಿಟ್ಟಿತು. ವಿಭೂತಿ ಬಳಿದುಕೊಂಡ ಗಾಜು ಆಮೇಲೆ ಯಾವ ಬೆರಳಿಗೂ ಜಗ್ಗಲಿಲ್ಲ. ಭುಸ್ಸೆಂದು ಬಿಸಿಗಾಳಿ ಬಂತು. ಅದರ ಬೆನ್ನಿಗೇ ಒಂದು ಪಂಜಾಬಿ ಕುಣಿತದ ಹಾಡು ಶುರುವಾಯಿತು.

ಹೊರಗೆ ಮೇ ತಿಂಗಳು. ಕಾಲುವೆಯ ನೀರು ನಿಂತು ಗದ್ದೆಗಳು ಹಂಚಿನ ಹಾಗೆ ಕಾದಿದ್ದವು. ಒಳಗೆ ಅದಕ್ಕಿಂತ ಹೆಚ್ಚು. ಸ್ವಲ್ಪ ಹೊತ್ತಿಗೆ ಪಂಪಮ್ಮ ಕೂತಲ್ಲೇ ಮಿಸುಕಾಡಿದಳು.

"ರೀ... ಸೀಟಿನ ಬುಡಕ ಒಲಿ ಇಟ್ಟಾರನು ಇವರು?"

"ಅದು ಚಳಿಗಾಲಕ್ಕ. ಸೀಟು ಬೆಚ್ಚಗ ಮಾಡತೈತಿ. ಫುಲ್ ಮಾಡಲ್ ತಗೊಂಡೀನಲ್ಲ, ಅದಕ್ಕ ಬಂದೈತಿ."

"ಸಿಂಧನೂರಾಗ ಯಾವಾಗರೀ ಚಳಿ ಬಿದ್ದಿತ್ತು?"

ಶಿವಶರಣಪ್ಪನವರು ರಸ್ತೆ ಬದಿಗೆ ನಿಲ್ಲಿಸಿ ಕಾರು ಆರಿಸಿ ಮತ್ತೆ ಚಾಲೂ ಮಾಡಿದರು. ಹೊಸ ಕಾರಿಗೆ ನೆನಪಿನ ಶಕ್ತಿ ಬಹಳ. ಬಿಟ್ಟಲ್ಲಿಂದಲೇ ಶುರುವಿಟ್ಟಿತು, ಹಾಡಿನ ಸಮೇತ. ಕೊನೆಗೆ ಅವರು ಶೋರೂಮಿನವರು ಹೇಳಿಕೊಟ್ಟಂತೆ ಕಾರಿನೊಳಗಿನ ಹೆಣ್ಣುಧ್ವನಿಯನ್ನು ಬೇಡಿಕೊಂಡರು: "ತಂಗೀ, ಜರಾ ತಂಪು ಮಾಡವ್ವಾ." ಆಕೆ ಹಿಂದಿಯಲ್ಲಿ ಬಹಳ ನಯವಾಗಿ ಕ್ಷಮೆ ಕೇಳಿದಳು.

"ಬಾಯಿ ಭಾಳ ಛಲೋ ಐತಿ, ಕೆಲಸ ಮಾತ್ರ ಇಲ್ಲ" ಎಂದಳು ಪಂಪಮ್ಮ.

ಅವಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಸಿ ನೋಡಿದಳು. ಬಟ್ಟೆ ಒಣಗಿ ಹಪ್ಪಳವಾಗಿತ್ತು. ಜಡೆಯ ತಲೆಯ ಕಡೆಯ ನಾಲ್ಕು ಮೊಗ್ಗು ಬಾಯಿ ಬಿಟ್ಟಿದ್ದವು. ಕಿಟಕಿ ಇಳಿಸಿದರೆ ಹೊರಗಿನ ಕಾದ ಗಾಳಿ, ಏರಿಸಿದರೆ ಒಳಗಿನ ಕಾದ ಗಾಳಿ. ಮಗಳ ಮುಖ, ಆ ಮಗಳ ತಲೆಯ ಮೇಲೆ ಸೊಳ್ಳೆಪರದೆ ವಾಸನೆಯ ಪ್ಲಾಸ್ಟಿಕ್ ಜಡೆ, ಎರಡೂ ಕಣ್ಣೆದುರು ಬಂದವು. ಸೆರಗನ್ನು ಬುಟ್ಟಿಗೆ ಹೊದಿಸಿ ಅದರ ಮೇಲೆ ಬಾಗಿ ಕೂತಳು. ಬೆನ್ನಿಗೆ ಎಷ್ಟಾದರೂ ಬೀಸಲಿ, ಮೊಗ್ಗಿಗೆ ತಾಕದಿದ್ದರೆ ಸಾಕು.

"ಒರಸ್ರಿ ಮತ್ತ" ಎಂದಳು ಮೆಲ್ಲಗೆ.

"ನೀ ಹಚ್ಚೀದಿ, ನೀ ಒರಸು."

"ಹಚ್ಚಿದ ಕೈಲೆ ಒರಸಬಾರದ್ರಿ."

"ಹಂಗಾರ ದಸ್ತಗೀರ್‌ಸಾಬ್ ಒರಸ್ಲಿ. ಮಸ್ಕಿ ಇನ್ನ ಆರು ಕಿಲೋಮೀಟರ್."

ಮಸ್ಕಿಯ ಗ್ಯಾರೇಜಿನ ಮುಂದೆ ಕಾರು ನಿಂತಾಗ ಇಬ್ಬರೂ ಆವಿಯಿಂದ ಇಳಿಸಿದ ಇಡ್ಲಿಯಂತಿದ್ದರು. ಪಂಜಾಬಿ ಹಾಡು ಕೇಳಿ ದಸ್ತಗೀರ್‌ಸಾಬ್ ಹೊರಗೆ ಬಂದು ನೋಡಿ ಕಣ್ಣು ಉಜ್ಜಿಕೊಂಡರು.

"ಏನ್ ಸಾವ್ಕಾರ್ರ, ಕಾರಿನಾಗ ಮದಿವಿ ಏನರ ಐತೇನ್ರಿ?"

ವಿಷಯವೆಲ್ಲ ಕೇಳಿದ ಮೇಲೆ ಅವರು ಗಾಜಿನ ಮುಂದೆ ಬಗ್ಗಿದರು, ತಲೆ ಕೆರೆದುಕೊಂಡರು, ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡರು.

"ಇಂಜಿನ್ ಇಳಸು ಅನ್ರಿ, ಇಳಸತೀನಿ. ಇದೊಂದು ಬ್ಯಾಡ. ನಿಮ್ಮ ದೇವರ ಈಬತ್ತಿ ನಾ ಒರಸಿ, ನಾಳೆ ಕಾರು ಎಲ್ಲೆರ ನಿಂತ್ರ, ದಸ್ತಗೀರ ಒರಸಿದ್ದಕ್ಕ ನಿಂತು ಅಂತೀರಿ."

"ಛೇ, ಹಂಗ್ಯಾಕ ಅಂತೀವಿ!"

"ಬ್ಯಾಟರಿ ಹೋದಾಗ ನನಗ ಅಂದ್ರಿ. ಟಯರ್ ಪಂಚರ್ ಆದಾಗೂ ನನಗ ಅಂದ್ರಿ."

ಮೂವರೂ ತೆರೆದ ಬಾಗಿಲ ಮುಂದೆ ನಿಂತರು. ಹನ್ನೊಂದಾಗುತ್ತ ಬಂದಿತ್ತು. ಒಳಗೆ ಹಾಡು ಕುಣಿಯುತ್ತಿತ್ತು. ಪಂಪಮ್ಮ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಗಂಡನ ಮುಖ ನೋಡಿದಳು. ಬೆವರಿಗೆ ಅವರ ಹಣೆಯ ವಿಭೂತಿ ಪೂರ್ತಿ ಇಳಿದುಹೋಗಿತ್ತು. ಹಣೆ ಬೋಳಾಗಿ, ನಿದ್ದೆಯಿಂದ ಎದ್ದ ಕೂಸಿನ ಹಾಗೆ ಕಾಣುತ್ತಿದ್ದರು. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ದಾರಿಯೂ ಹೊಳೆಯಿತು.

"ಬಗ್ಗರಿ ಇಲ್ಲಿ" ಎಂದಳು.

ಮೂರು ಬೆರಳಿನಿಂದ ಗಾಜಿನ ಮೇಲಿನ ವಿಭೂತಿಯನ್ನು ಬಳಿದು ಗಂಡನ ಹಣೆಗೆ ಎಳೆದಳು. ಮತ್ತೊಮ್ಮೆ ಬಳಿದು ತನ್ನ ಹಣೆಗೆ. ಮತ್ತೊಮ್ಮೆ ಬಳಿದು ಗಂಡನ ಎರಡು ತೋಳಿಗೆ, ಕೊರಳಿಗೆ.

"ಒರಸಿದ್ರ ತಪ್ಪು. ಹಚ್ಚಿಕೊಂಡ್ರ ಏನ್ ತಪ್ಪು?"

"ಅರೆ ವ್ಹಾ, ಯಕ್ಕಾ!" ಎಂದು ದಸ್ತಗೀರ್‌ಸಾಬ್ ತಮ್ಮ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನವನ್ನು ಮುಂದೆ ಹಿಡಿದರು. "ಇದಕ್ಕೂ ಒಂದೀಟು ಹಚ್ಚವ್ವಾ. ಇದೂ ದುಡಿತೈತಿ."

ಗಾಜು ಭಾರಿ ದೊಡ್ಡದು. ಎಷ್ಟು ಹಚ್ಚಿದರೂ ಇನ್ನಷ್ಟು ಉಳಿಯುತ್ತಿತ್ತು. ಕೊನೆಯದನ್ನು ಪಂಪಮ್ಮ ಒಂದು ಕಾಗದದಲ್ಲಿ ಮಡಿಚಿ, ಮಗಳ ಹಣೆಗೆಂದು ಎಲೆಯಡಿಕೆ ಚೀಲಕ್ಕೆ ಸೇರಿಸಿದಳು. ಆಮೇಲೆ ಉಳಿದದ್ದು ಬರೀ ಗಾಜು. ಶಿವಶರಣಪ್ಪನವರು ಹಳದಿ ಬಟ್ಟೆಯನ್ನು ತಾವಾಗಿಯೇ ದಸ್ತಗೀರ್‌ಸಾಬರ ಕೈಗೆ ಕೊಟ್ಟರು. ಅವರು ತಿಕ್ಕಿ, ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹುಡುಕುತ್ತ ಹೋಗಿ, "ಇಷ್ಟು ಮನಿ ದಾಟಿ ಹೋಗಬೇಕೇನ್ರಿ ಒಂದು ಫ್ಯಾನಿಗೆ!" ಎಂದು ಬೈಯುತ್ತ ಕೊನೆಗೆ ಹದಿನೆಂಟಕ್ಕೆ ತಂದು ನಿಲ್ಲಿಸಿದರು. ಹಾಡು ನಿಂತಿತು. ಸೀಟಿನ ಒಲೆ ಆರಿತು. ಅವರ ಮನೆಯಿಂದ ಒದ್ದೆ ಗೋಣಿತಾಟು ಬಂತು, ಬುಟ್ಟಿಯ ಸುತ್ತ ಹೊದಿಸಿದ್ದಾಯಿತು.

ಹೊರಡುವಾಗ ದಸ್ತಗೀರ್‌ಸಾಬ್, "ಇರ್ರಿ, ನಿಮ್ಮದೊಂದು ನನ್ನ ಕಡೆ ಉಳದೈತಿ" ಎಂದು ಒಳಗೆ ಹೋಗಿ ಅಂಗೈಯಲ್ಲಿ ಏನನ್ನೋ ತಂದರು. ಕರಿ ಗುಂಡಿ! "ಹಳೀ ಕಾರು ಶೋರೂಮಿಗೆ ಕೊಡೂ ಮುಂದ ಇಲ್ಲಿ ಬಂದಿತ್ತಲ್ಲ, ಆವಾಗ ಬಿಚ್ಚಿ ಇಟ್ಟೆ. ಅಕ್ಕನ ಇಡ್ಲಿ ಪಾತ್ರೀದು, ಕಂಡವರಿಗೆ ಯಾಕ ಹೋಗಬೇಕು ಅಂತ."

ಲಿಂಗಸುಗೂರು ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಐಶ್ವರ್ಯ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಅವಳ ಅತ್ತೆ ಪ್ಲಾಸ್ಟಿಕ್ ಜಡೆಯ ಡಬ್ಬಿ ತೆರೆದು ನಿಂತಿದ್ದರು. ಪಂಪಮ್ಮ ಗೋಣಿತಾಟು ಸರಿಸಿ ಜಡೆ ತೆಗೆದಳು. ಮೇಲಿನ ಅರ್ಧ ಬಿಸಿಗಾಳಿಗೆ ಪೂರ್ತಿ ಅರಳಿಬಿಟ್ಟಿತ್ತು, ಕೆಳಗಿನ ಅರ್ಧ ಬೆಳಗಿನ ಹಾಗೆಯೇ ಮೊಗ್ಗು. ಪಂಪಮ್ಮನಿಗೆ ಅಳು ಬಂತು.

"ಅರ್ಧ ಉಳಸೀನಿ ನೋಡು ತಂಗಿ. ಅರ್ಧ ಕಾರು ಬೇಸಿಬಿಡ್ತು."

ಐಶ್ವರ್ಯ ಜಡೆಯನ್ನು ಮೂಗಿಗೆ ಹಿಡಿದಳು. ಅರಳಿದ ಮಲ್ಲಿಗೆಯ ವಾಸನೆ ಪಡಸಾಲೆಯೆಲ್ಲ ತುಂಬಿತ್ತು. "ಯವ್ವಾ, ಬರೇ ಮೊಗ್ಗಾಗಿದ್ರ ಇಷ್ಟು ವಾಸನಿ ಬರತಿತ್ತೇನು? ಹಾಕ ಜಲ್ದಿ!" ಅವಳ ಅತ್ತೆ ತಾವೂ ಒಮ್ಮೆ ಮೂಸಿ ನೋಡಿ, ಡಬ್ಬಿಯ ಮುಚ್ಚಳ ಹಾಕಿದರು.

ಮಾರನೆಯ ಬೆಳಿಗ್ಗೆ ಸಿಂಧನೂರಿನ ಮನೆಯಲ್ಲಿ ಪಂಪಮ್ಮ ಇಡ್ಲಿಗೆ ಇಟ್ಟು, ಮುಚ್ಚಳಕ್ಕೆ ಗುಂಡಿ ಕೂರಿಸೋಣವೆಂದು ಹುಡುಕಿದರೆ ಗುಂಡಿ ಇಲ್ಲ. ಹೊರಗೆ ಕಾರಿನ ಬಾಗಿಲು ತೆರೆದಿತ್ತು. ಶಿವಶರಣಪ್ಪನವರು ಅಂಟು ಪಟ್ಟಿ ಹಚ್ಚಿ ಆ ಗುಂಡಿಯನ್ನು ಗಾಜಿನ ಕೆಳಗೆ, ಸರಿಯಾಗಿ ಕೈಗೆ ಸಿಗುವ ಜಾಗದಲ್ಲಿ ಒತ್ತಿ ಹಿಡಿದಿದ್ದರು.

"ಅದನ್ನ ತಿರುವಿದ್ರ ಏನ್ ಬರತೈತ್ರಿ?"

"ಏನೂ ಬರಂಗಿಲ್ಲ. ಈಬತ್ತಿ ಹಚ್ಚಾಕ ಅಂತ."

ಆದರೆ ಮಾತು ಮುಗಿಯುವಷ್ಟರಲ್ಲಿ ಅವರು ಅದನ್ನು ಒಮ್ಮೆ ಇತ್ತ ತಿರುವಿ, ಸಮಾಧಾನದಿಂದ ಹಿಂದಕ್ಕೆ ಒರಗಿದ್ದನ್ನು ಪಂಪಮ್ಮ ಕಂಡಳು. ಅವಳು ಒಳಗೆ ಹೋಗಿ, ಇಕ್ಕಳ ತೆಗೆದುಕೊಂಡು ಮುಚ್ಚಳ ಎತ್ತಿದಳು.