ಬಲಗಡೆಯ ಹೂ

ವೇದಾವತಿಯವರಿಗೆ ಕೊರಿಯನ್ ಬಾರದು. ಇಂಗ್ಲಿಷ್ ಸಬ್‌ಟೈಟಲ್ ಓದೋಣವೆಂದರೆ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಷರವೇ ಮಾಯ. ಆದರೂ ಐರ್ಲೆಂಡಿನ ಕ್ಯಾಸಲ್‌ನಾಕ್‌ನ ಆ ಮನೆಯಲ್ಲಿ ಧಾರಾವಾಹಿಯ ಕಥೆ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವರು ಅವರೇ. ಅರಸೀಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಹೆಡ್‌ಮಿಸ್ ಆಗಿದ್ದವರು. ಹೋಮ್‌ವರ್ಕ್ ಮಾಡದೆ ಬಂದವಳನ್ನು ಗೇಟಿನಲ್ಲೇ ಗುರುತಿಸುತ್ತಿದ್ದ ಕಣ್ಣು ಅದು. ಕೊರಿಯಾದವರ ಮುಖ ಓದುವುದೇನು ಮಹಾ!

"ನೋಡ್ತಿರು ಅನಸೂಯಾ, ಆ ಬಿಳಿ ಬಟ್ಟೆಯೋಳು ಪಕ್ಕಾ ಕಳ್ಳಿ" ಎಂದು ಮೊದಲನೆಯ ಕಂತಿನಲ್ಲೇ ಸೊಸೆಗೆ ತೀರ್ಪು ಕೊಟ್ಟಿದ್ದರು.

ಬಿಳಿ ಬಟ್ಟೆಯವಳು ಆ ಧಾರಾವಾಹಿಯ ಗುರುಮಾತೆ. ಸಮುದ್ರದ ದಂಡೆಯ ಒಂದು ಊರು. ಊರಿಗೆ ಊರೇ ಅವಳ ಪಂಥಕ್ಕೆ ಸೇರಿಕೊಂಡಿದೆ. ಭಕ್ತರು ಬಂದು ಪ್ರಶ್ನೆ ಕೇಳುತ್ತಾರೆ. ಅವಳ ಮುಂದಿನ ಬಟ್ಟಲ ನೀರಿನಲ್ಲಿ ಒಂದು ಎಲೆ ತೇಲುತ್ತದೆ. ಎಲೆ ಭಕ್ತರ ಕಡೆಗೆ ತಿರುಗಿದರೆ ಆಕಾಶದ ಒಪ್ಪಿಗೆ ಸಿಕ್ಕಿತು ಅಂತ ಲೆಕ್ಕ. ಜನ ಅತ್ತುಕೊಂಡು ಕಾಲಿಗೆ ಬೀಳುತ್ತಾರೆ. ವಾರಕ್ಕೊಂದು ಕಂತು, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ. ಲಾಕ್‌ಡೌನ್‌ನಲ್ಲಿ ಅತ್ತೆ ಸೊಸೆಯರಿಗೆ ಒಟ್ಟಿಗೆ ಕೂತು ಬೈಯಲು ಒಂದು ಹೆಂಗಸು ಸಿಕ್ಕಿದ್ದು ದೊಡ್ಡ ಅನುಕೂಲವೇ ಆಗಿತ್ತು.

ವೇದಾವತಿ ಬಂದದ್ದು ಮೂರು ತಿಂಗಳಿಗೆಂದು, ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ. ವಿಮಾನ ನಿಂತಿತು, ವೀಸಾ ಬೆಳೆಯಿತು, ಈಗ ಇನ್ನೊಂದು ಜನವರಿ. ಮಗ ಶ್ರೀಹರ್ಷನಿಗೆ ಪಕ್ಕದ ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಶಿಫ್ಟ್, ಸೊಸೆಗೆ ಮನೆಯಿಂದಲೇ ಕೆಲಸ, ಹತ್ತು ವರ್ಷದ ಮೊಮ್ಮಗಳು ತನ್ವಿಗೆ ಲ್ಯಾಪ್‌ಟಾಪಿನಲ್ಲೇ ಸ್ಕೂಲು. ಹೆಡ್‌ಮಿಸ್ ಆಗಿದ್ದವರು ಸುಮ್ಮನೆ ಕೂರುತ್ತಾರೆಯೇ? ಮೇ ತಿಂಗಳಲ್ಲಿ ಝೂಮ್ ಹಿಡಿದರು. ಶನಿವಾರ ಸಂಜೆ ಆರಕ್ಕೆ ಲಲಿತಾ ಸಹಸ್ರನಾಮ. ಅಲ್ಲಿನ ನಾಲ್ಕು ಕನ್ನಡದ ಹುಡುಗರಿಂದ ಶುರುವಾದದ್ದು ಈಗ ಅರವತ್ತಮೂರು ಕಿಟಕಿ.

ಜನ ಅಷ್ಟು ಸೇರಿದ್ದು ಸಹಸ್ರನಾಮಕ್ಕೆ ಎಂದರೆ ನಗಬೇಕಾದೀತು. ಸೇರಿದ್ದು ಹೂವಿಗೆ.

ಕಾರ್ತಿಕೇಯ ಎಂಬ ಹುಡುಗನ ವರ್ಕ್ ಪರ್ಮಿಟ್ ಎಲ್ಲೋ ಸಿಕ್ಕಿಹಾಕಿಕೊಂಡು ಅವನು ಊಟ ಬಿಟ್ಟಿದ್ದ. ಊರಿನಲ್ಲಿ ಮಾಡುವ ಹಾಗೆ ಒಂದು ಹೂ ಕೇಳೋಣ ಎಂದರು ವೇದಾವತಿ. ಮೈಸೂರಿನಿಂದ ತಂದ ಹಿತ್ತಾಳೆಯ ಚಾಮುಂಡಿ ಮುಖವಾಡದ ಕಿರೀಟಕ್ಕೆ ಒದ್ದೆ ಸೇವಂತಿಗೆ ಸಿಕ್ಕಿಸಿ, ಪ್ರಶ್ನೆ ಹೇಳಿ, ಕೈ ಮುಗಿದರು. ಹೂ ಬಲಕ್ಕೆ ಬಿದ್ದರೆ ತಾಯಿ ಒಪ್ಪಿದಳು, ಎಡಕ್ಕೆ ಬಿದ್ದರೆ ಇಲ್ಲ. ಬಲಕ್ಕೆ ಬಿತ್ತು. ಮಂಗಳವಾರ ಪರ್ಮಿಟ್ ಬಂತು. ಅಂದಿನಿಂದ ಅವರು ಆ ಹುಡುಗರಿಗೆಲ್ಲ ಅಮ್ಮ.

ಆಮೇಲಿನ ಎಂಟು ತಿಂಗಳಲ್ಲಿ ಹೂ ಒಂದು ಸಲವೂ ಎಡಕ್ಕೆ ಬೀಳಲಿಲ್ಲ. ಬೀಳುವುದಾದರೂ ಹೇಗೆ? ವೇದಾವತಿ ಪ್ರತಿಸಲವೂ ಅದನ್ನು ಬಲಗಿವಿಯ ಕಡೆಗೆ ಒಂದು ಕೂದಲಷ್ಟು ವಾಲಿಸಿಯೇ ಸಿಕ್ಕಿಸುತ್ತಿದ್ದರು. ಮೋಸ ಎಂದು ಅವರಿಗೆ ಅನಿಸಿರಲೇ ಇಲ್ಲ. ಪರದೇಶದಲ್ಲಿ ಕೂತ ಮಕ್ಕಳಿಗೆ ಇಲ್ಲ ಅನ್ನಲು ಬೇಕಾದಷ್ಟು ಆಫೀಸುಗಳಿವೆ, ತಾಯಿಯೂ ಯಾಕೆ ಇಲ್ಲ ಅನ್ನಬೇಕು? ದೂರದ ಸ್ಲೈಗೋ ಪಟ್ಟಣದಲ್ಲಿದ್ದ ನಿಸರ್ಗಾ ಎಂಬ ಹುಡುಗಿಯ ಅಜ್ಜಿ ಸೆಪ್ಟೆಂಬರಿನಲ್ಲಿ ಕೋವಿಡ್ ಎಂದು ಊರಿನ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಆಸ್ಪತ್ರೆಯವರು ಮುಖ ಕೂಡ ಯಾರಿಗೂ ತೋರಿಸಲಿಲ್ಲ. ಅಜ್ಜಿಗೆ ಸದ್ಗತಿ ಸಿಕ್ಕಿತಾ ಕೇಳಿ ಅಮ್ಮ ಎಂದು ಅವಳು ಗೋಳಾಡಿದಾಗಲೂ ಹೂ ಬಲಕ್ಕೇ ಬಿತ್ತು. ಹುಡುಗಿ ಆವತ್ತು ನಿದ್ದೆ ಮಾಡಿದಳಂತೆ. ಇದರಲ್ಲಿ ಪಾಪ ಎಲ್ಲಿಂದ ಬಂತು?

ಮೊನ್ನೆ ಶನಿವಾರ ಅದೇ ನಿಸರ್ಗಾ ಮತ್ತೆ ಬಂದಿದ್ದಳು. ಅವಳು ಎಂ.ಎಸ್ಸಿ. ಮುಗಿಸಿ ಅಲ್ಲೇ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದಳು. ಕ್ಯಾಮೆರಾ ಆಫ್ ಮಾಡಿಕೊಂಡಿದ್ದಳು, ಗಂಟಲು ಕಟ್ಟಿತ್ತು.

"ಪಾಸಿಟಿವ್ ಬಂದಿದೆ ಅಮ್ಮ. ಆಸ್ಪತ್ರೆಗೆ ಹೋಗ್ದೇನೆ ರೂಮಲ್ಲೇ ವಾಸಿ ಆಗುತ್ತಾ ಅಂತ ಕೇಳಿ" ಎಂದಳು.

ಹೂ ಬಲಕ್ಕೆ ಬಿತ್ತು. ಅರವತ್ತು ಜನ ಕೈ ಮುಗಿದರು. ವೇದಾವತಿ ಶುಂಠಿ ಕಷಾಯ ಮಾಡಿಕೋ ಎಂದು ಹೇಳಿ ಮಂಗಳಾರತಿ ಮುಗಿಸಿದರು.

ಮರುದಿನ ಭಾನುವಾರ. ಶ್ರೀಹರ್ಷ ಶಿಫ್ಟಿಗೆ ಹೋಗಿದ್ದ. ಬಿಸಿಬೇಳೆಬಾತ್ ಉಂಡು ಉಳಿದ ಮೂವರೂ ಟಿವಿ ಮುಂದೆ ಕೂತರು. ಅವತ್ತಿನ ಕಂತಿನಲ್ಲಿ ಒಬ್ಬ ಬಡ ತಾಯಿ ಜ್ವರದ ಮಗುವನ್ನು ಎತ್ತಿಕೊಂಡು ಗುರುಮಾತೆಯ ಬಳಿ ಬಂದಳು. ಆಸ್ಪತ್ರೆಗೆ ಒಯ್ಯದೆಯೇ ಗುಣವಾಗುತ್ತದೆಯೇ ಎಂದು ಕೇಳಿದಳು. ಎಲೆ ನಿಧಾನವಾಗಿ ಅವಳ ಕಡೆಗೆ ತಿರುಗಿತು. ತಾಯಿ ನಗುತ್ತಾ ಮನೆಗೆ ಹೋದಳು. ಎರಡು ದಿನಕ್ಕೆ ಮಗು ತೀರಿಕೊಂಡಿತು. ಆಮೇಲೆ ಕಥಾನಾಯಕಿ ಬಟ್ಟಲು ಕವಿಚಿ ನೋಡಿದರೆ ತಳದಲ್ಲಿ ಅಯಸ್ಕಾಂತ, ಎಲೆಯಲ್ಲಿ ಸೂಜಿ.

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ!" ವೇದಾವತಿ ಟಿವಿಗೆ ಕೈ ತೋರಿಸಿ ಬೈದರು. "ನಾನು ಹೇಳ್ಲಿಲ್ವಾ? ಮೊದಲನೇ ದಿನವೇ ಹೇಳ್ದೆ ಕಳ್ಳಿ ಅಂತ. ಹಾಳಾದೋಳು, ಎಳೆ ಮಗೂನ ತಿಂದ್ಕೊಂಡ್ಲು!"

ತನ್ವಿ ಸೋಫಾದ ತುದಿಯಲ್ಲಿ ಹಪ್ಪಳ ಮುರಿಯುತ್ತಾ ಕೂತಿದ್ದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಐರಿಶ್ ಇಂಗ್ಲಿಷು.

"ಬಟ್ ಅಜ್ಜಿ, ದಟ್ಸ್ ಯುವರ್ ಫ್ಲವರ್ ಥಿಂಗ್, ಸೋ ಇಟ್ ಈಸ್" ಎಂದಳು.

"ಏಯ್! ಅಜ್ಜೀಗೆ ಹಾಗನ್ಬಾರ್ದು" ಎಂದು ಅನಸೂಯಾ ಗದರಿಸಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವೇದಾವತಿಯವರ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಮೊದಲು ಬಂದದ್ದು ಸಿಟ್ಟು. ನನ್ನನ್ನು ಈ ಮುಂಡೇದಕ್ಕೆ ಹೋಲಿಸುವುದೇ? ಅವಳು ಮಾಡಿದ್ದು ಆಸೆಗೆ, ನಾನು ಮಾಡಿದ್ದು ಅಂತಃಕರಣಕ್ಕೆ. ಆದರೆ ಪರದೆಯ ಮೇಲೆ ಆ ಬಡ ತಾಯಿ ಖಾಲಿ ತೊಟ್ಟಿಲ ಪಕ್ಕ ಕೂತಿದ್ದಳು, ಅಂತಃಕರಣ ಯಾವುದು ಆಸೆ ಯಾವುದು ಎಂದು ಅವಳೇನೂ ವಿಚಾರಿಸುತ್ತಿರಲಿಲ್ಲ. ಆಗ ಬಂತು ಹೆದರಿಕೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ ಎಂಬ ಗಾದೆಯನ್ನು ಅವರು ಎಷ್ಟು ಜನಕ್ಕೆ ಹೇಳಿ ನಕ್ಕಿದ್ದರೋ!

"ಅನಸೂಯಾ, ಟಿವಿ ಆರ್ಸು. ಆ ಸ್ಲೈಗೋ ಹುಡುಗಿಗೆ ವಿಡಿಯೋ ಕಾಲ್ ಮಾಡು. ಈಗ್ಲೇ."

ಏಳನೆಯ ಸಲಕ್ಕೆ ನಿಸರ್ಗಾ ಎತ್ತಿದಳು. ಕೂದಲು ಹಣೆಗೆ ಅಂಟಿತ್ತು, ತುಟಿ ಕಪ್ಪಿಟ್ಟಿತ್ತು. ಮೂರು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಬೆರಳಿಗೆ ಹಾಕ್ಕೊಂಡು ಆಕ್ಸಿಜನ್ ನೋಡೋದು ಇದ್ಯಲ್ಲ, ಅದರಲ್ಲಿ ಎಷ್ಟಿದೆ?" ಎಂದು ಅನಸೂಯಾ ಕೇಳಿದಳು.

"ಎಂಬತ್ತೇಳು. ನಿನ್ನೆ ತೊಂಬತ್ತೆರಡಿತ್ತು. ಐ ಆಮ್ ಗ್ರ್ಯಾಂಡ್, ಚೆನ್ನಾಗಿದೀನಿ ಅಕ್ಕ... ಬಲಗಡೆ ಆಗಿದ್ಯಲ್ಲ."

ಅನಸೂಯಾ ಬಾಯಿಗೆ ಕೈ ಅಡ್ಡ ಹಿಡಿದಳು. ವೇದಾವತಿ ಫೋನು ಕಿತ್ತುಕೊಂಡರು. "ಈಗಿಂದೀಗ ಆಂಬುಲೆನ್ಸ್ ಕರಿ. ಅನಸೂಯಾನೇ ಕರೀತಾಳೆ, ನಿನ್ನ ಮನೆ ಏರ್‌ಕೋಡ್ ಹೇಳು, ಆ ಪೋಸ್ಟಿನ ನಂಬರಿಂದ ಮನೆ ಸಿಗುತ್ತೆ."

"ಬೇಡ ಅಮ್ಮ. ಅಜ್ಜಿನೂ ಹೋಗಿದ್ದು ಆಸ್ಪತ್ರೆಗೇ. ತಾಯಿ ಹೂ ಕೊಟ್ಟಾಗಿದೆ. ಒಂದ್ಸಲ ಕೇಳಿದ್ಮೇಲೆ ಅನುಮಾನ ಪಡಬಾರ್ದು ಅಂತ ನೀವೇ ಹೇಳಿದ್ರಿ... ನೀವು ನನ್ನ ಪರೀಕ್ಷೆ ಮಾಡ್ತಿದೀರಾ, ನಂಗೊತ್ತು."

ಇನ್ನೂರು ಕಿಲೋಮೀಟರ್ ದೂರ. ಲಾಕ್‌ಡೌನ್‌ನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟಿದರೆ ಗಾರ್ಡಾ ಪೊಲೀಸರು ಹಿಡಿಯುವ ಕಾಲ. ಆ ಹುಡುಗಿ ಯಾವ ಬೀದಿಯ ಯಾವ ರೂಮಿನಲ್ಲಿದ್ದಾಳೆಂದು ಅರವತ್ತಮೂರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳು ಬಾಯಿಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಏನು ಮಾಡಬೇಕೆಂಬುದರಲ್ಲಿ ವೇದಾವತಿಯವರಿಗೆ ಒಂದಿಷ್ಟೂ ಗೊಂದಲವಿರಲಿಲ್ಲ.

"ತನ್ವಿ, ಈ ಫೋನ್ ಹಿಡ್ಕೋ. ದೇವರ ಗೂಡಿನ ಮುಂದೆ ನಿಲ್ಲು, ಅಲ್ಲಾಡಬೇಡ."

ಅವರು ಹಳೆಯ ಹೂ ತೆಗೆದು, ಅದನ್ನೇ ನೀರಿನಲ್ಲಿ ಅದ್ದಿ, ಚಾಮುಂಡಿಯ ಎಡಗಿವಿಯ ಕಡೆಗೆ ವಾಲಿಸಿ ಸಿಕ್ಕಿಸಿದರು. ಯಾವ ಮಂತ್ರವನ್ನೂ ಹೇಳಲಿಲ್ಲ. ಹೂ ಎಡಕ್ಕೆ ಬಿತ್ತು. ಎತ್ತಿ ಮತ್ತೆ ಎಡಕ್ಕೆ ಸಿಕ್ಕಿಸಿದರು, ಮತ್ತೆ ಎಡಕ್ಕೆ. ಆಮೇಲೆ ಬಲಕ್ಕೆ ಸಿಕ್ಕಿಸಿದರು, ಬಲಕ್ಕೆ ಬಿತ್ತು.

"ನೋಡಿದ್ಯಾ? ನೋಡೇ ಸರಿಯಾಗಿ! ಮಾಡ್ತಿದ್ದೋಳು ನಾನು. ನೀವೆಲ್ಲ ಖುಷಿಯಾಗಿರ್ಲಿ ಅಂತ ಬೇಕೂಂತ್ಲೇ ಬಲಕ್ಕೆ ಇಡ್ತಿದ್ದೆ. ನಿನ್ನೆ ನೀನು ಕೇಳಿದ್ದು ಏನು ಅಂತ ಕೂಡ ನಾನು ನೆಟ್ಟಗೆ ಕಿವಿಗೆ ಹಾಕ್ಕೊಳ್ಳಲಿಲ್ಲ."

ನಿಸರ್ಗಾ ಕೇಳಿದಳು, "ಹಾಗಾದ್ರೆ ನಮ್ಮಜ್ಜಿದು?"

ಇದೊಂದನ್ನು ಅವರು ಎಣಿಸಿರಲಿಲ್ಲ. ಒಂದು ಸುಳ್ಳು ಹೇಳಿಬಿಟ್ಟರೆ ಆ ಹುಡುಗಿಗೆ ಅಷ್ಟಾದರೂ ಉಳಿಯುತ್ತಿತ್ತು. ಆದರೆ ಒಂದು ಹೂ ನಿಜವಾದರೆ ನಿನ್ನೆಯ ಹೂವೂ ನಿಜವಾಗುತ್ತದೆ. ವೇದಾವತಿಯವರಿಗೆ ಕಣ್ಣು ತುಂಬಿತು.

"ಅದೂ ನಾನೇ ಕಣೆ" ಎಂದರು.

ನಿಸರ್ಗಾ ಅತ್ತಳು. ಅಳುವುದಕ್ಕೂ ಉಸಿರು ಸಾಲದೆ ಕೆಮ್ಮಿದಳು. "ಥೂ" ಎಂದಳು. ಜೀವಮಾನದಲ್ಲಿ ಯಾವ ವಿದ್ಯಾರ್ಥಿನಿಯೂ ವೇದಾವತಿಯವರಿಗೆ ಹಾಗೆ ಅಂದಿರಲಿಲ್ಲ. ಆಮೇಲೆ ನಿಸರ್ಗಾ ಏರ್‌ಕೋಡ್ ಹೇಳತೊಡಗಿದಳು: "ಎಫ್... ನೈನ್... ಒನ್..." ಅನಸೂಯಾ ಇನ್ನೊಂದು ಫೋನಿನಲ್ಲಿ ಆಂಬುಲೆನ್ಸಿನವರಿಗೆ ಒಂದೊಂದೇ ಅಕ್ಷರ ದಾಟಿಸಿದಳು. ಇಪ್ಪತ್ತೆರಡು ನಿಮಿಷಕ್ಕೆ ಬಾಗಿಲು ಬಡಿದ ಸದ್ದು ಕ್ಯಾಸಲ್‌ನಾಕ್‌ವರೆಗೂ ಕೇಳಿತು.

ಸ್ಲೈಗೋ ಆಸ್ಪತ್ರೆಯಲ್ಲಿ ಹದಿನೈದು ದಿನ, ಅದರಲ್ಲಿ ಆರು ದಿನ ಐಸಿಯು. ಆ ಎರಡು ಶನಿವಾರ ವೇದಾವತಿ ಝೂಮ್ ತೆರೆಯಲಿಲ್ಲ, ಅಮ್ಮನಿಗೆ ಹುಷಾರಿಲ್ಲವೆಂದು ಗುಂಪಿನಲ್ಲಿ ಸುದ್ದಿಯಾಯಿತು. ಮೂರನೆಯ ಶನಿವಾರ ಆರು ಗಂಟೆಗೆ ಸರಿಯಾಗಿ ತೆರೆದರು. ಎಂಬತ್ತೊಂದು ಕಿಟಕಿ. ರೂಮಿಗೆ ಮರಳಿದ್ದ ನಿಸರ್ಗಾ ದಿಂಬಿಗೆ ಒರಗಿ ಕೂತಿದ್ದಳು. ಮಗ, ಸೊಸೆ, ಮೊಮ್ಮಗಳು ಹಿಂದೆ ನಿಂತಿದ್ದರು. ವೇದಾವತಿ ಅಸೆಂಬ್ಲಿಯಲ್ಲಿ ನಿಂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಎಲ್ಲವನ್ನೂ ಹೇಳಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬೀಳಿಸಿ ತೋರಿಸಿದರು. ಉಗಿದರೆ ಉಗಿಯಲಿ ಎಂದು ಸಿದ್ಧವಾಗಿಯೇ ಕೂತಿದ್ದರು.

ಯಾರೂ ಉಗಿಯಲಿಲ್ಲ. ಕಾರ್ತಿಕೇಯನ ಕಣ್ಣಲ್ಲಿ ನೀರಿತ್ತು. "ಎಷ್ಟು ದೊಡ್ಡ ಮನಸ್ಸಮ್ಮ ನಿಮ್ದು" ಎಂದು ಕೈ ಮುಗಿದ. ಒಂದೊಂದೇ ಕಿಟಕಿಯಲ್ಲಿ ಕೈಗಳು ಜೋಡಿಕೊಂಡವು.

"ನಾನು ಮೊದ್ಲು ಬೈಕೊಂಡೆ" ಎಂದಳು ನಿಸರ್ಗಾ. ಅವಳ ದನಿ ಇನ್ನೂ ಸಣ್ಣಗಿತ್ತು. "ಆಮೇಲೆ ಐಸಿಯುನಲ್ಲಿ ಯೋಚನೆ ಮಾಡ್ದೆ. ನಂಗೆ ಉಸಿರು ಸಿಗ್ತಿಲ್ಲ ಅಂತ ಯಾರಿಗೂ ಹೇಳಿರ್ಲಿಲ್ಲ. ಸರಿಯಾಗಿ ಅದೇ ಟೈಮಿಗೆ ಅಮ್ಮನಿಗೆ ಹೇಗೆ ಗೊತ್ತಾಯ್ತು? ತಾಯೀನೇ ಅಮ್ಮನ ಕೈಲಿ ಫೋನ್ ಮಾಡ್ಸಿದ್ದು."

"ನಾನು ಫೋನ್ ಮಾಡಿದ್ದು ಟಿವಿ ನೋಡಿ ಕಣೆ! ಕೊರಿಯಾದ ಸೀರಿಯಲ್ ನೋಡಿ!"

"ಆ ಸೀರಿಯಲ್ ತೋರ್ಸಿದ್ದು ಯಾರಮ್ಮ?" ಎಂದಿತು ಯಾವುದೋ ಕಿಟಕಿ. ಇನ್ನೊಂದು ಕಿಟಕಿ ಆಗಲೇ ತನ್ನ ತಂಗಿಯ ಮದುವೆಯ ಪ್ರಶ್ನೆ ಶುರುಮಾಡಿತ್ತು.

ಎಂಬತ್ತೊಂದು ಮುಖ ಅವರ ಬಾಯನ್ನೇ ನೋಡುತ್ತಿದ್ದವು. ಆ ನೋಟ ಎಷ್ಟು ಹಿತವಾಗಿತ್ತೆಂದು ವೇದಾವತಿಯವರಿಗೆ ಮಾತ್ರ ಗೊತ್ತು. ಈಗಲೂ ಹಿತವಾಗಿಯೇ ಇತ್ತು, ಅದಕ್ಕೇ ಅವರಿಗೆ ಮೈಯೆಲ್ಲ ಬೆವರಿತು.

"ನಿಸರ್ಗಾ, ಇಲ್ಲಿ ಕೇಳು. ಎಲ್ಲಾರೂ ಕೇಳಿ. ಇವಳನ್ನ ಉಳಿಸಿದ್ದು ಸ್ಲೈಗೋ ಡಾಕ್ಟ್ರು. ಸಾಯಿಸೋಕೆ ಹೊರಟಿದ್ದೋಳು ನಾನು. ಇದನ್ನ ತಗೊಂಡು ಹೋಗಿ ಆ ತಾಯಿ ತಲೆಗೆ ಕಟ್ಟಬೇಡಿ."

"ಅಮ್ಮಾ, ಹಾಗನ್ಬೇಡಿ..." ಎಂದು ಹತ್ತಾರು ದನಿ ಒಟ್ಟಿಗೆ ಎದ್ದವು.

ವೇದಾವತಿ ಮೊಮ್ಮಗಳ ಕಡೆ ತಿರುಗಿ, ಎಲ್ಲರನ್ನೂ ಒಂದೇ ಸಲ ಕಳಿಸುವ ಬಟನ್ ಯಾವುದೆಂದು ಕೇಳಿದರು. ತನ್ವಿ ಕೆಂಪನೆಯದನ್ನು ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಬೆರಳಿನಿಂದಲೇ ಅದನ್ನು ಒತ್ತಿದರು.