ಬೇಸಿಗೆಯ ಮರಗಸಿ

ವಾಸಪ್ಪ ಮರಗಸಿ ಮಾಡುವವನು. ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಸವರಿ, ಗಿಡಕ್ಕೆ ಎಷ್ಟು ಬಿಸಿಲು ಬೇಕೋ ಅಷ್ಟನ್ನೇ ಕೆಳಗಿಳಿಸುವ ಕೆಲಸ ಅದು. ಬಾಳೆಹೊನ್ನೂರಿನ ಸುತ್ತಮುತ್ತ ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ. ಮುಂಗಾರು ಹಿಡಿದ ಮೇಲೇ ಅವನು ಮರ ಹತ್ತುತ್ತಿದ್ದುದು. ಬೇಸಿಗೆಯಲ್ಲಿ ಯಾರು ಕರೆದರೂ ಹೋಗುತ್ತಿರಲಿಲ್ಲ. ಕಮ್ಮರಡಿಯ ಒಬ್ಬರು ಮಗಳ ಮದುವೆಯ ಚಪ್ಪರಕ್ಕೆ ಅಡ್ಡವಾಗುತ್ತದೆಂದು ಮಾರ್ಚಿಯಲ್ಲಿ ಹಲಸಿನ ಮರದ ತಲೆ ಕಡಿಯಲು ಕರೆಸಿದಾಗ, "ಚಪ್ಪರಾನೇ ಆ ಕಡೆ ಹಾಕ್ಕೊಳ್ಳಿ ಮಾರಾಯ್ರೆ, ಮರಕ್ಕೆ ನಡೆಯಕ್ಕೆ ಬರಲ್ಲ" ಎಂದು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದ್ದ. ಯಾವ ಕೊಂಬೆ ತೆಗೆದರೆ ತೋಟಕ್ಕೆ ಏನಾಗುತ್ತದೆ ಎನ್ನುವುದನ್ನು ಕತ್ತಿ ಹಾಕುವ ಮೊದಲೇ ಹೇಳುವುದು ಅವನ ರೂಢಿ. ತೋಟದವರು ಕೇಳಲಿ ಬಿಡಲಿ, ಹೇಳುತ್ತಿದ್ದ.

ಅಂಥವನನ್ನು 2006ರ ಫೆಬ್ರವರಿಯಲ್ಲಿ ಜಯದೇವಪ್ಪ ಕರೆಸಿದ.

ಜಯದೇವಪ್ಪ ಮತ್ತು ಅವನ ತಮ್ಮ ಕಾಂತೇಶ್ ಪಾಲಾಗಿ ಆಗಲೇ ಒಂದು ವರ್ಷ. ತೋಟದ ನಡುವೆ ಬೇಲಿ ಬಿದ್ದಿತ್ತು. ಬೇಲಿಯುದ್ದಕ್ಕೂ ಹಲಸು, ಅತ್ತಿ, ಬಸರಿ ಎಲ್ಲ ಸೇರಿ ಹನ್ನೊಂದು ಮರ ಅಣ್ಣನ ಕಡೆ ಉಳಿದಿದ್ದವು. ಆದರೆ ಮಧ್ಯಾಹ್ನದ ಮೇಲೆ ಅವುಗಳ ನೆರಳು ಬೀಳುತ್ತಿದ್ದುದು ಪೂರ್ವದ ಇಳಿಜಾರಿನಲ್ಲಿದ್ದ ತಮ್ಮನ ಗಿಡಗಳ ಮೇಲೆ. ಅಣ್ಣನ ಜೀಪು ಹೋಗುವ ದಾರಿಗೆ ಕಾಂತೇಶ್ ಅಡ್ಡ ಗೇಟು ಹಾಕಿಸಿದ್ದು ಹೊಸ ಜಗಳ.

"ಹನ್ನೊಂದನ್ನೂ ಬೋಳು ಮಾಡ್ಬೇಕು ಕಣೋ. ಒಂದು ಎಲೆ ಉಳೀಬಾರ್ದು" ಎಂದ ಜಯದೇವಪ್ಪ.

"ಈಗ್ಲಾ ಅಯ್ಯಾ? ಬಿಸಿಲು ಏರ್ತಾ ಇದೆ."

"ಅದಕ್ಕೇ ಈಗ. ನನ್ನ ಮರ, ನನ್ನಿಷ್ಟ. ಅವನ ಗಿಡ ಸುಟ್ಟು ಹೋಗ್ಲಿ."

ವಾಸಪ್ಪ ಎದ್ದು ಹೊರಡುವವನಿದ್ದ. ಅಷ್ಟರಲ್ಲಿ ಜಯದೇವಪ್ಪ ದನಿ ತಗ್ಗಿಸಿದ. "ಬೇರೆಯವರು ಸಿಗ್ತಿದ್ರು. ನಿನ್ನನ್ನೇ ಯಾಕೆ ಕರೆಸ್ದೆ ಗೊತ್ತಾ? ಅವತ್ತು ಅಂಗಳದಲ್ಲಿ ನಿಂಗೆ ಅವನು ಮಾಡಿದ್ದು ನಾನು ನೋಡಿದ್ದೀನಿ ಮಾರಾಯ."

ಎರಡು ವರ್ಷದ ಹಿಂದೆ, ಪಾಲಾಗುವ ಮೊದಲು, ವಾಸಪ್ಪ ಇದೇ ಮನೆಗೆ ಕೂಲಿಗೆ ಬರುತ್ತಿದ್ದಾಗಿನ ಮಾತು ಅದು. ಒಣಹಾಕಿದ್ದ ಮೆಣಸಿನಲ್ಲಿ ಎರಡು ಚೀಲ ಕಾಣೆಯಾಗಿತ್ತು. ಕಾಂತೇಶ್ ಮೂವತ್ತು ಜನ ಕೂಲಿಯವರ ಮುಂದೆ ವಾಸಪ್ಪನ ಅಂಗಿ ಬಿಚ್ಚಿಸಿ, ಬುತ್ತಿಯ ಚೀಲವನ್ನು ನೆಲಕ್ಕೆ ಸುರಿಸಿ, ಜೀಪಿನಲ್ಲಿ ಠಾಣೆಗೆ ಕಳಿಸಿದ್ದ. ಆ ಮೂವತ್ತು ಜನರಲ್ಲಿ ವಾಸಪ್ಪನ ಹೆಂಡತಿ ಸೀತಕ್ಕನೂ ಇದ್ದಳು. ಸಂಜೆಗೆ ಬಿಟ್ಟು ಕಳಿಸಿದರು. ಆದರೆ ಕಳ್ಳ ಎನ್ನುವ ಹೆಸರು ಅವನನ್ನು ಬಿಡಲಿಲ್ಲ.

"ಚೀಲ ಐದೇ ದಿನಕ್ಕೆ ಸಿಕ್ತಲ್ಲ" ಎಂದು ಜಯದೇವಪ್ಪ ನಕ್ಕ. "ಗೋಡೌನಲ್ಲಿ ಗೊಬ್ಬರದ ಚೀಲದ ಹಿಂದೆ ಇತ್ತು. ನಮ್ಮನೇಲಿ ಎಲ್ಲರಿಗೂ ಗೊತ್ತು. ಅವನು ಬಾಯಿ ಬಿಟ್ನಾ? ಇಲ್ಲ."

ಚೀಲ ಸಿಕ್ಕಿದ ಸುದ್ದಿ ವಾಸಪ್ಪ ಕೇಳಿದ್ದು ಆ ಗಳಿಗೆಯಲ್ಲೇ. ಎಲ್ಲರಿಗೂ ಎಂದರೆ ಎದುರು ಕುಳಿತ ಈ ಮನುಷ್ಯನಿಗೂ. ಎರಡು ವರ್ಷ ಇವನೂ ಸುಮ್ಮನಿದ್ದ. ಈಗ ತನ್ನ ಜಗಳಕ್ಕೆ ಬೇಕಾಯಿತೆಂದು ಆ ಮಾತನ್ನು ಹೊರಗೆ ತೆಗೆದಿದ್ದಾನೆ.

ವಾಸಪ್ಪ ಬೇಲಿಯ ಕಡೆ ನೋಡಿದ. ನೆರಳು ಹೋಗಿ ಕಾಂಡಕ್ಕೆ ನೇರ ಬಿಸಿಲು ಬಿದ್ದರೆ ಅರೇಬಿಕಾ ಕಾಫಿ ಗಿಡಕ್ಕೆ ಬೋರರ್ ಹುಳು ಬರುತ್ತದೆ. ಕಾಂಡದೊಳಗೆ ಕೊರೆದು ಗಿಡವನ್ನೇ ಕೊಲ್ಲುವ ಹುಳು. ಅದು ಬೇಲಿ ನೋಡಿ ನಿಲ್ಲುವುದಿಲ್ಲ. ಜಯದೇವಪ್ಪನ ಸ್ವಂತ ಗಿಡಗಳು ಆ ಮರಗಳಿಂದ ನಾಲ್ಕು ಹೆಜ್ಜೆಗೇ ಶುರುವಾಗುತ್ತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಯಾವ ತೋಟದವನಿಗಾದರೂ ಮೊದಲು ಹೇಳುತ್ತಿದ್ದ ಮಾತು ಅದು. ನಾಲಿಗೆಯ ತುದಿಗೆ ಬಂದಿತ್ತು.

ನುಂಗಿಕೊಂಡ. "ಆಯ್ತು ಅಯ್ಯಾ. ನಾಳೆ ಬರ್ತೀನಿ" ಎಂದ.

ಮನೆಗೆ ಬಂದು ಎಲ್ಲ ಹೇಳಿದ. ಸೀತಕ್ಕ ಒಳಗಿನಿಂದ ಕತ್ತಿ ಮಸೆಯುವ ಕಲ್ಲು ತಂದು ಅವನ ಮುಂದಿಟ್ಟಳು. "ಕಡೀರಿ. ನಾನು ಅವತ್ತು ತಲೆ ತಗ್ಗಿಸಿದೋಳು ಇನ್ನೂ ಎತ್ತಿಲ್ಲ."

ಎರಡನೇ ದಿನ ಕಾಂತೇಶ್ ಬೇಲಿಯ ಹತ್ತಿರ ಓಡಿ ಬಂದ. ಆಗ ವಾಸಪ್ಪ ದೊಡ್ಡ ಅತ್ತಿಮರದ ಮೇಲಿದ್ದ. "ಏಯ್, ಇಳಿಯೋ ಕೆಳಗೆ! ಈ ಬಿಸಿಲಲ್ಲಿ ಯಾರಾದ್ರೂ ಮರಗಸಿ ಮಾಡ್ತಾರಾ? ತಲೆ ಸರಿ ಇದೆಯಾ ನಿಂಗೆ?"

ವಾಸಪ್ಪ ಕೊಂಬೆಗೆ ಒರಗಿ ಬೀಡಿ ಹಚ್ಚಿದ. "ಇಳಿದ್ರೆ ಅಂಗಿ ಬಿಚ್ಚಿ ತೋರಿಸ್ಬೇಕೇನೋ. ಇಲ್ಲೇ ಚೆನ್ನಾಗಿದೆ."

ಕಾಂತೇಶ್ ತಲೆಯೆತ್ತಿ ನಿಂತಿದ್ದಂತೆಯೇ ವಾಸಪ್ಪ ಕತ್ತಿ ಎತ್ತಿದ. ತಾನೇ ಹದ ಮಾಡಿ ಹರಡಿಸಿದ್ದ ಕೊಂಬೆ ಅದು. ಮುರಿದು ಬೀಳುವಾಗ ಬೇಸರವಾಗಬಹುದು ಅಂದುಕೊಂಡಿದ್ದ. ಆಗಲಿಲ್ಲ. ಕೆಳಗೆ ಕಾಫಿ ಗಿಡಗಳ ಮೇಲೆ ಬಿಳಿ ಬಿಸಿಲು ದಬಕ್ಕನೆ ಬಿದ್ದಾಗ ಅವನ ಎದೆ ಹಗುರಾಯಿತು. ನಾಲ್ಕು ದಿನದಲ್ಲಿ ಹನ್ನೊಂದು ಮರವೂ ಬೋಳಾಯಿತು.

ಮಾರ್ಚಿ ಕೊನೆಗೆ ಕಾಂತೇಶನ ಇಳಿಜಾರಿನಲ್ಲಿ ಎಲೆಗಳು ಸುಟ್ಟು ಕಂದಾಗಿ ಮುದುರಿದವು. ಹೂಮಳೆ ಬಂದರೂ ಮೊಗ್ಗು ಅರಳದೆ ಒಣಗಿತು. ಬಸ್ಸಿನಲ್ಲಿ ಹೋಗುವಾಗಲೆಲ್ಲ ವಾಸಪ್ಪ ಕಿಟಕಿಯ ಕಡೆಯೇ ಕುಳಿತು ಅದನ್ನು ನೋಡುತ್ತಿದ್ದ.

ಒಂದು ದಿನ ಕಾಂತೇಶನ ಹೆಂಡತಿ ಸರ್ವಮಂಗಳಾ ಅವನ ಮನೆಗೇ ಬಂದಳು. ಸೀತಕ್ಕ ಚಾಪೆ ಹಾಕಲಿಲ್ಲ. ಅವಳು ನಿಂತೇ ಮಾತಾಡಿದಳು. "ಮೆಣಸಿನ ಚೀಲ ಸಿಕ್ಕಿದ ದಿನ ನಾನು ಇವರಿಗೆ ಹೇಳ್ದೆ, ಹೋಗಿ ತಪ್ಪಾಯ್ತು ಅನ್ನಿ ಅಂತ. ಇವರು ಬರ್ಲಿಲ್ಲ. ನಾನಾದ್ರೂ ಬರಬಹುದಿತ್ತು, ಬರ್ಲಿಲ್ಲ. ಈಗ ತೋಟಕ್ಕೆ ಬೆಂಕಿ ಬಿದ್ದ ಮೇಲೆ ಬಂದಿದ್ದೀನಿ. ನೀವು ಬೈದ್ರೂ ಸರಿ. ಯಾವ ಗಿಡ ಉಳೀತದೆ, ಅದನ್ನೊಂದು ಹೇಳಿ."

ವಾಸಪ್ಪ ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ. ಕೊನೆಗೆ, "ಬೋರರ್ ಬರ್ತದೆ ಅಮ್ಮ. ಮುಂದಿನ ತಿಂಗಳು ಹುಳು ಹಾರೋ ಮೊದಲೇ ತೆಂಗಿನ ಗರಿ ಕಟ್ಟಿ ನೆರಳು ಮಾಡಿ. ಹುಳು ಮೊಟ್ಟೆ ಇಡೋಕೆ ಜಾಗ ಸಿಗದ ಹಾಗೆ ಕಾಂಡ ಉಜ್ಜಿಸಿ. ಸೊರಗಿದ ಗಿಡ ಕಿತ್ತು ಸುಟ್ಟುಬಿಡಿ. ಮಳೆ ಬಂದ ಕೂಡಲೇ ಹಾಲುವಾಣದ ಗೂಟ ನೆಡಿ, ಬೇಗ ನೆರಳು ಕೊಡ್ತದೆ" ಎಂದ.

"ಭಾವನವರಿಗೆ ಇದನ್ನ ಹೇಳಿದ್ದೀರಾ?"

"ಇಲ್ಲ. ನೀವೂ ಹೇಳ್ಬೇಡಿ."

ಅವಳು ಹೇಳಿದಳೋ ಇಲ್ಲವೋ. ಎರಡು ಮನೆಗಳ ನಡುವೆ ಮಾತೇ ಇರಲಿಲ್ಲ. ಕಾಂತೇಶ್ ಮುನ್ನೂರು ಗಿಡ ಕಿತ್ತು ಸುಟ್ಟ. ಜಯದೇವಪ್ಪ ಜಗಲಿಯಲ್ಲಿ ಕುಳಿತು ಆ ಹೊಗೆ ನೋಡಿ ಖುಷಿಪಟ್ಟನೆಂದು ಕೂಲಿಯವರು ಹೇಳಿದರು.

ಮರುವರ್ಷ ಜಯದೇವಪ್ಪನ ಗಿಡಗಳೂ ಹಳದಿಗೆ ತಿರುಗಿದವು. ಬೇಲಿಯಿಂದ ಹಿಡಿದು ಸಾಲಿಗೆ ಸಾಲು. ವಾಸಪ್ಪನನ್ನು ಕರೆಸಿದ. ವಾಸಪ್ಪ ಒಂದು ಗಿಡ ಕಡಿದು ಜಗಲಿಯ ಹತ್ತಿರ ತಂದು ಕಾಂಡ ಸೀಳಿದ. ಒಳಗೆ ಪುಡಿಯ ನಡುವೆ ಬಿಳಿ ಹುಳು ಮೆಲ್ಲಗೆ ಮಿಸುಕಿತು.

"ಇದು ಆ ಮರ ಕಡಿದದ್ದಕ್ಕಾ?"

"ಹೌದು."

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಲಿಲ್ಲ ಯಾಕೋ, ಹಾಳಾದವ್ನೆ?"

"ನೀವೂ ಎರಡು ವರ್ಷ ಹೇಳ್ಲಿಲ್ಲ ಅಯ್ಯಾ" ಎಂದು ವಾಸಪ್ಪ ಸೀಳಿದ ಕಾಂಡವನ್ನು ಜಗಲಿಯ ಮೇಲಿಟ್ಟು ಹೊರಟ. ದಾರಿಯುದ್ದಕ್ಕೂ ಅವನಿಗೆ ನಗು ಬರುತ್ತಿತ್ತು.

ಆ ನಗು ಮುಂದಿನ ಮಳೆಗಾಲದವರೆಗೆ ಉಳಿಯಿತು. ಆ ಮಳೆಗಾಲಕ್ಕೆ ಒಂದೇ ಒಂದು ತೋಟದವರೂ ಅವನನ್ನು ಮರಗಸಿಗೆ ಕರೆಯಲಿಲ್ಲ. ಕಳ್ಳನೆಂದು ಅಲ್ಲ. ಚೀಲದ ಕಥೆ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು, ಅದಕ್ಕೆ ಯಾರೂ ಅವನನ್ನು ದೂರಲಿಲ್ಲ. "ಗೊತ್ತಿದ್ದೂ ಹೇಳ್ದೆ ಕಡಿದ್ನಂತೆ. ನಾಳೆ ನಮ್ಮ ತೋಟಕ್ಕೂ ಹಾಗೇ ಮಾಡಿದ್ರೆ?" ಎನ್ನುತ್ತಿದ್ದರು. ಸುಳ್ಳು ಆರೋಪಕ್ಕೆ ಅವನು ಎರಡು ವರ್ಷ ಉರಿದಿದ್ದ. ಇದಕ್ಕೆ ಉರಿಯಲು ಆಗಲಿಲ್ಲ, ಇದು ಸುಳ್ಳಲ್ಲ. ನರಸಿಂಹರಾಜಪುರದ ಸಾಮಿಲ್ಲೊಂದರಲ್ಲಿ ದಿಮ್ಮಿ ಉರುಳಿಸುವ ಕೆಲಸಕ್ಕೆ ಸೇರಿದ. ಅಲ್ಲಿಗೆ ಬರುವ ಮರ ಆಗಲೇ ಕಡಿದದ್ದು, ಯಾರಿಗೂ ಮೊದಲೇ ಹೇಳುವುದೇನೂ ಇರಲಿಲ್ಲ.

2008ರ ಮಳೆಗಾಲದಲ್ಲಿ ಸರ್ವಮಂಗಳಾ ಹೇಳಿ ಕಳಿಸಿದಳು. ಹಾಲುವಾಣ ಎದ್ದಿದೆ, ಕೊಂಬೆ ಸವರಲು ಬರಬೇಕಂತೆ ಎಂದು. "ಕಾಂತೇಶಯ್ಯನೇ ಬಂದು ಕರೀಲಿ" ಎಂದು ವಾಸಪ್ಪ ಹೇಳಿ ಕಳಿಸಿದ. ಕಾಂತೇಶ್ ಬರಲಿಲ್ಲ. ವಾಸಪ್ಪ ಹೋಗಲಿಲ್ಲ.

ಒಂದು ಭಾನುವಾರ ಬಸ್ಸು ಕೆಟ್ಟು ನಿಂತಿತೆಂದು ಅವನು ಕಾಂತೇಶನ ತೋಟದ ಪಕ್ಕದ ರಸ್ತೆಯಲ್ಲಿ ನಡೆದು ಬರುತ್ತಿದ್ದ. ತೋಟದಲ್ಲಿ ಸರ್ವಮಂಗಳಾ ಸ್ಟೂಲು ಹತ್ತಿ ನಿಂತು ಹಾಲುವಾಣದ ಕೊಂಬೆಗೆ ಮೇಲಿನಿಂದ ಗರಗಸ ಹಾಕಿದ್ದಳು. ಹಾಗೆ ಕೊಯ್ದರೆ ಕೊಂಬೆಯ ಭಾರಕ್ಕೆ ಸಿಪ್ಪೆ ಬುಡದವರೆಗೆ ಸೀಳಿ ಬರುತ್ತದೆ. ವಾಸಪ್ಪ ಇಪ್ಪತ್ತು ಹೆಜ್ಜೆ ಮುಂದೆ ಹೋದ. ಗರಗಸದ ಸದ್ದು ಕೇಳುತ್ತಲೇ ಇತ್ತು. ತಿರುಗಿ ಬಂದು ಬೇಲಿಯ ಹೊರಗೇ ನಿಂತ.

"ಅಮ್ಮಾ, ಮೊದಲು ಕೆಳಗಿಂದ ಅರ್ಧ ಕೊಯ್ರಿ. ಆಮೇಲೆ ಮೇಲಿಂದ."

ಅವಳು ತಿರುಗಿ ನೋಡಿದಳು. ಏನೂ ಕೇಳದೆ ಗರಗಸ ತೆಗೆದು ಕೊಂಬೆಯ ಕೆಳಗೆ ಹಿಡಿದಳು. ಕೊಂಬೆ ಚೊಕ್ಕವಾಗಿ ಬೀಳುವುದನ್ನು ನೋಡಿ ವಾಸಪ್ಪ ಮನೆಯ ಕಡೆ ನಡೆದ.